‘ಡೂ’ ಅಂದರೆ ‘ಮಾಡು’ ಅಲ್ಲ

ಉತ್ತರಪತ್ರಿಕೆಯಲ್ಲಿ ‘ಹಿ ಡಿಡ್ ನಾಟ್ ಕೇಮ್’ ಎಂದು ಬರೆದ ಹುಡುಗನಿಗೆ ಮೇಷ್ಟರು ‘ಕೇಮ್’ ಸುತ್ತ ಕೆಂಪು ಗೀಟು ಎಳೆದು ‘ಕಮ್’ ಎಂದು ತಿದ್ದಿಕೊಡುತ್ತಾರೆ. ಮುಂದಿನ ವಾರ ಅದೇ ಹುಡುಗ ‘ಶಿ ಡಸ್ ನಾಟ್ ಗೋಸ್’ ಎಂದು ಬರೆದಿರುತ್ತಾನೆ. ತಿದ್ದಿದ್ದು ಪದವನ್ನು, ತಪ್ಪಿನ ಬೇರು ಹಾಗೇ ಉಳಿದಿತ್ತು. ‘ಡೂ’ ಎಂದರೆ ‘ಮಾಡು’ ಎಂದು ಅವನಿಗೆ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದಾರೆ. ‘ಅವನು ಬರಲಿಲ್ಲ’ ಎನ್ನುವಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲವಲ್ಲ! ಅರ್ಥಕ್ಕೆ ಬೇಡದ ಈ ಪದ ಅಲ್ಲಿಗೆ ಯಾಕೆ ಬಂತು ಎಂಬುದನ್ನು ಯಾರೂ ಹೇಳಿಲ್ಲ. ಹಾಗಾಗಿ ಅವನು ಅದನ್ನೊಂದು ಅಲಂಕಾರ ಎಂದುಕೊಂಡು, ಅದರ ಪಕ್ಕದಲ್ಲಿ ಇಡೀ ಕ್ರಿಯಾಪದವನ್ನು ಕಾಲಸಮೇತ ತಂದಿಡುತ್ತಾನೆ.

ಇಂಗ್ಲಿಷಿನ ‘ಡೂ’ ಎರಡು ಬಾಳು ಬಾಳುತ್ತದೆ. ‘ಡೂ ಯುವರ್ ಹೋಮ್‌ವರ್ಕ್’ ಎನ್ನುವಾಗ ಅದು ನಿಜಕ್ಕೂ ಕೆಲಸ ಸೂಚಿಸುವ ಕ್ರಿಯಾಪದ. ಪ್ರಶ್ನೆಯಲ್ಲಿ, ನಿಷೇಧದಲ್ಲಿ ಬರುವ ‘ಡೂ’ ಮಾತ್ರ ಅರ್ಥವೇ ಇಲ್ಲದ ಒಂದು ಗೂಟ. ಕಾಲ, ಏಕವಚನದ ‘ಸ್’, ‘ನಾಟ್’ ಇವನ್ನೆಲ್ಲ ನೇತುಹಾಕಲು ಗೋಡೆಗೆ ಬಡಿದದ್ದು. ‘ವಾಟ್ ಡೂ ಯೂ ಡೂ?’ ಎಂಬ ನಾಲ್ಕು ಪದಗಳ ಪ್ರಶ್ನೆಯಲ್ಲಿ ಎರಡೂ ಇವೆ, ಮೊದಲನೆಯದು ಗೂಟ, ಎರಡನೆಯದು ‘ಮಾಡು’. ಗೂಟದ ‘ಡೂ’ ಅರ್ಥವಾಗಬೇಕಾದರೆ ಕನ್ನಡದಲ್ಲಿ ನೋಡಬೇಕಾದದ್ದು ‘ಮಾಡು’ ಅಲ್ಲ, ‘ಇಲ್ಲ’.

‘ಬಂದಲಿಲ್ಲ’ ಎಂದು ಯಾರೂ ಹೇಳುವುದಿಲ್ಲ

ಬಂದೆ, ಬಂದನು, ಬಂದಳು, ಬಂದರು. ನಾಲ್ಕಕ್ಕೂ ನಿಷೇಧರೂಪ ಒಂದೇ: ಬರಲಿಲ್ಲ. ‘ಬಂದ’ದಲ್ಲಿದ್ದ ಭೂತಕಾಲದ ಗುರುತು, ಕೊನೆಯಲ್ಲಿದ್ದ ನು-ಳು-ರು ಎಲ್ಲ ಕಳಚಿಬಿದ್ದು ಕ್ರಿಯಾಪದ ‘ಬರಲ್’ ಎಂಬ ಬೋಳು ರೂಪಕ್ಕೆ ಮರಳುತ್ತದೆ. ಆಮೇಲೆ ‘ಇಲ್ಲ’ ಬಂದು ಕೂಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲೂ ನಡೆಯುವುದು ಇದೇ. ‘ಡಿಡ್ ನಾಟ್’ ಬಂದ ಮೇಲೆ ‘ಕೇಮ್’ ತನ್ನ ಭೂತಕಾಲ ಬಿಚ್ಚಿಟ್ಟು ‘ಕಮ್’ ಆಗಬೇಕು. ‘ಡಿಡ್ ನಾಟ್ ಕೇಮ್’ ಎಂಬುದು ಇಂಗ್ಲಿಷಿನವರ ಕಿವಿಗೆ ‘ಬಂದಲಿಲ್ಲ’ದಷ್ಟೇ ವಿಚಿತ್ರ. ‘ಡಸ್ ನಾಟ್ ಗೋಸ್’ ಎಂಬುದು ‘ಹೋಗುತ್ತಾಳುವುದಿಲ್ಲ’ ಎಂದ ಹಾಗೆ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಕನ್ನಡದಲ್ಲಿ ಕಾಲ ಗೊತ್ತಾಗುವುದು ‘ಇಲ್ಲ’ದಿಂದಲ್ಲ, ಅದರ ಹಿಂದಿನ ರೂಪದಿಂದ. ‘ಬರಲ್’ ಜೊತೆ ಇಲ್ಲ ಸೇರಿದರೆ ಆಗಿಹೋದದ್ದು, ‘ಬರುವುದು’ ಜೊತೆ ಸೇರಿದರೆ ಈಗಿನದು ಅಥವಾ ಮುಂದಿನದು. ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದ ಬೋಳಾಗಿ ನಿಲ್ಲುತ್ತದೆ, ಕಾಲದ ಹೊರೆಯೆಲ್ಲ ‘ಡೂ’ ಮೇಲೆ. ಈಗಿನದಕ್ಕೆ ಡೂ ಅಥವಾ ಡಸ್, ಹಿಂದಿನದಕ್ಕೆ ಡಿಡ್. ಹಾಗಾಗಿ ನಾಲಿಗೆಯ ಮೇಲೆ ‘ಬರ್ಲಿಲ್ಲ’ ಬಂದರೆ ಇಂಗ್ಲಿಷಿನಲ್ಲಿ ‘ಡಿಡ್’ ಬೇಕು. ‘ಬರಲ್ಲ’ ಬಂದರೆ ಒಂದು ಕ್ಷಣ ನಿಂತು ಯೋಚಿಸಬೇಕು, ರೂಢಿಯ ಮಾತಾದರೆ ‘ಡಸ್ ನಾಟ್’, ನಾಳೆಯ ಮಾತಾದರೆ ‘ವಿಲ್ ನಾಟ್’.

ಪ್ರಶ್ನೆ ಕಟ್ಟುವ ಬಗೆಯನ್ನು ನಿಧಾನವಾಗಿ ನೋಡೋಣ. ‘ಶಿ ಬಾಟ್ ಎ ಸ್ಯಾರಿ’ ಎಂಬುದು ಕೈಯಲ್ಲಿದೆ. ಮೊದಲು ‘ಬಾಟ್’ ಅನ್ನು ಬಿಡಿಸಿ, ಅದರಲ್ಲಿ ‘ಬೈ’ ಇದೆ, ಭೂತಕಾಲ ಇದೆ. ಭೂತಕಾಲವನ್ನು ಎತ್ತಿ ‘ಡೂ’ ಮೇಲೆ ಹಾಕಿದರೆ ‘ಡಿಡ್’ ಆಯಿತು. ಆ ‘ಡಿಡ್’ ಅನ್ನು ‘ಶಿ’ಯ ಮುಂದೆ ತಂದು ನಿಲ್ಲಿಸಿ. ಬೋಳಾದ ‘ಬೈ’ ಇದ್ದಲ್ಲೇ ಇರಲಿ. ‘ಡಿಡ್ ಶಿ ಬೈ ಎ ಸ್ಯಾರಿ?’ ಸಿದ್ಧ. ‘ಎಲ್ಲಿ’ ಎಂದು ಕೇಳಬೇಕಿದ್ದರೆ ‘ವೇರ್’ ಎಲ್ಲಕ್ಕಿಂತ ಮುಂದೆ ಬರುತ್ತದೆ: ‘ವೇರ್ ಡಿಡ್ ಶಿ ಬೈ ದ ಸ್ಯಾರಿ?’ ವಾಕ್ಯದಲ್ಲಿ ಕಾಲದ ಗುರುತು ಒಂದೇ ಕಡೆ ಇರಬೇಕು, ಎರಡು ಕಡೆ ಕಂಡರೆ ಬರೆದವರು ಎರಡು ಸಲ ಬಿಲ್ ಕಟ್ಟಿದ್ದಾರೆ ಎಂದರ್ಥ.

ಕನ್ನಡಿಗರು ಎಡವುವುದು ‘ಡಿಡ್’ ಅನ್ನು ಮುಂದೆ ತರುವಲ್ಲಿ. ‘ವೈ ಯೂ ಡಿಡಂಟ್ ಕಮ್?’ ಎಂದು ಬೆಂಗಳೂರಿನ ಆಫೀಸುಗಳಲ್ಲಿ ದಿನಾ ಕೇಳುತ್ತೇವೆ. ‘ನೀನ್ಯಾಕೆ ಬರ್ಲಿಲ್ಲ?’ ಎನ್ನುವಾಗ ಕನ್ನಡದಲ್ಲಿ ಯಾವ ಪದವೂ ಜಾಗ ಬದಲಿಸಬೇಕಿಲ್ಲ, ‘ಯಾಕೆ’ ಸೇರಿಸಿದರೆ ಮುಗಿಯಿತು. ಹೌದು-ಇಲ್ಲದ ಪ್ರಶ್ನೆಯಲ್ಲಿ ಕೊನೆಗೊಂದು ‘ಆ’ ಎಳೆದರೆ ಸಾಕು: ಬಂದ, ಬಂದನಾ. ಇಂಗ್ಲಿಷಿಗೆ ಇಂಥ ‘ಆ’ ಇಲ್ಲ. ಪದಗಳು ಜಾಗ ಬದಲಿಸುವುದೇ ಅದರ ‘ಆ’.

ಇದನ್ನು ಕಷ್ಟಪಟ್ಟು ಕಲಿತವರು ಮುಂದಿನ ಹಳ್ಳಕ್ಕೆ ಬೀಳುತ್ತಾರೆ. ‘ಟೆಲ್ ಮಿ ವೇರ್ ಡಿಡ್ ಯೂ ಗೋ’ ಎನ್ನುತ್ತಾರೆ. ‘ಎಲ್ಲಿಗೆ ಹೋಗಿದ್ದೆ ಅಂತ ಹೇಳು’ ಎಂಬುದರ ನೆರಳು ಇದು. ನಮ್ಮ ‘ಅಂತ’ ಯಾವ ಪ್ರಶ್ನೆಯನ್ನಾದರೂ ಇಡಿಯಾಗಿ ಕಟ್ಟಿ ಇನ್ನೊಂದು ವಾಕ್ಯದೊಳಗೆ ಇಟ್ಟುಬಿಡಬಲ್ಲದು. ಇಂಗ್ಲಿಷಿನಲ್ಲಿ ‘ಅಂತ’ದ ಕೆಲಸ ಮಾಡುವ ಪದ ಇಲ್ಲಿಲ್ಲ. ಒಳಗಿನದು ನೇರ ಪ್ರಶ್ನೆಯಲ್ಲ ಎಂದು ತಿಳಿಯುವುದೇ ಜಾಗ ಬದಲಾಗದೆ ಇರುವುದರಿಂದ. ಆದ್ದರಿಂದ ‘ಟೆಲ್ ಮಿ ವೇರ್ ಯೂ ವೆಂಟ್’. ‘ಡಿಡ್’ ಹೋಯಿತು, ಅದು ಹೊತ್ತಿದ್ದ ಭೂತಕಾಲ ‘ಗೋ’ಗೆ ವಾಪಸು ಬಂದು ‘ವೆಂಟ್’ ಆಯಿತು. ಲೆಕ್ಕ ಚುಕ್ತಾ.

‘ಹೂ ಕೇಮ್?’ ಎಂಬಲ್ಲಿ ‘ಡಿಡ್’ ಬೇಡ, ‘ಹೂ ಡಿಡ್ ಯೂ ಸೀ?’ ಎಂಬಲ್ಲಿ ಬೇಕು. ಮೊದಲನೆಯದರಲ್ಲಿ ‘ಯಾರು’ ಎಂಬುದೇ ಕರ್ತೃ. ಅದು ಮೊದಲೇ ಮುಂದಿದೆ, ದಾಟಿಕೊಂಡು ಬರಲು ಯಾರೂ ಇಲ್ಲ. ಎರಡನೆಯದರಲ್ಲಿ ಕರ್ತೃ ‘ಯೂ’, ಅದನ್ನು ದಾಟಲು ಒಂದು ಪದ ಬೇಕು. ಕನ್ನಡದಲ್ಲಿ ಹೇಳುವುದಾದರೆ ‘ಯಾರು’ ಇದ್ದರೆ ಗೂಟ ಬೇಡ, ‘ಯಾರನ್ನು’ ಇದ್ದರೆ ಬೇಕು.

ಈಸ್, ಆರ್, ವಾಸ್, ಕ್ಯಾನ್, ವಿಲ್, ಮಸ್ಟ್ ಇಂಥವು ‘ಡೂ’ ಸಹಾಯ ಕೇಳುವುದಿಲ್ಲ, ತಾವೇ ಎದ್ದು ಮುಂದೆ ಹೋಗುತ್ತವೆ. ‘ಹ್ಯಾವ್’ ಎರಡೂ ಮನೆಯ ನೆಂಟ. ‘ಹ್ಯಾವ್ ಯೂ ಈಟನ್?’ ಎನ್ನುವಾಗ ಅದು ಸಹಾಯಕ, ಗೂಟ ಬೇಡ. ಕಂಡಕ್ಟರ್ ಚಿಲ್ಲರೆ ಕೇಳುವಾಗ ‘ಡೂ ಯೂ ಹ್ಯಾವ್ ಚೇಂಜ್?’, ಅಲ್ಲಿ ಬೇಕು. ‘ಬಿ’ ಕೂಡ ಆಜ್ಞೆಯಲ್ಲಿ ಮಾತ್ರ ತಲೆಬಾಗಿ ‘ಡೋಂಟ್ ಬಿ ಲೇಟ್’ ಆಗುತ್ತದೆ. ‘ಡಿಡ್ ನಾಟ್ ಯೂಸ್ ಟು’ ಎಂಬುದನ್ನು ‘ಯೂಸ್ಡ್’ ಎಂದು ಬರೆಯುವ ತಪ್ಪನ್ನು ಹುಟ್ಟು ಇಂಗ್ಲಿಷರೂ ಮಾಡುತ್ತಾರೆ, ಕಿವಿಗೆ ಎರಡೂ ಒಂದೇ. ಬರೆಯುವಾಗ ಮಾತ್ರ ಲೆಕ್ಕ ನೆನಪಿರಲಿ, ಕಾಲ ಒಂದೇ ಕಡೆ.

ಹೌದು, ಬರಲ್ಲ

ಉತ್ತರ ಕೊಡುವಾಗಿನ ಗೊಂದಲ ವ್ಯಾಕರಣದ್ದಲ್ಲ, ನಡವಳಿಕೆಯದು. ‘ಬರ್ತೀಯಾ?’ ಎಂದರೆ ನಾವು ಕ್ರಿಯಾಪದವನ್ನೇ ಮರಳಿಸುತ್ತೇವೆ: ‘ಬರ್ತೀನಿ’. ‘ಡೂ ಯೂ’ ಎಂದು ಶುರುವಾದ ಪ್ರಶ್ನೆಗೆ ಇಂಗ್ಲಿಷರು ಗೂಟವನ್ನು ಮರಳಿಸುತ್ತಾರೆ: ‘ಯೆಸ್, ಐ ಡೂ’. ‘ನೀನು ಮಾಂಸ ತಿನ್ನಲ್ವಾ?’ ಎಂದು ಕೇಳಿದರೆ ಕನ್ನಡಿಗ ‘ಹೌದು, ತಿನ್ನಲ್ಲ’ ಎನ್ನುತ್ತಾನೆ, ಕೇಳಿದವರ ಊಹೆ ಸರಿ ಎಂಬ ಅರ್ಥದಲ್ಲಿ. ‘ಡೋಂಟ್ ಯೂ ಈಟ್ ಮೀಟ್?’ ಎಂದು ಕೇಳಿದ ಇಂಗ್ಲಿಷಿನವರಿಗೆ ಬರೀ ‘ಯೆಸ್’ ಎಂದು ಹೇಳಿ ನೋಡಿ, ತಟ್ಟೆಗೆ ಕೋಳಿ ಬಂದು ಬೀಳುತ್ತದೆ. ಅಲ್ಲಿ ‘ಯೆಸ್’ ಮತ್ತು ‘ನೋ’ ಊಹೆಗಲ್ಲ, ಸಂಗತಿಗೆ ಉತ್ತರ. ತಿನ್ನುವುದಿಲ್ಲವಾದರೆ ಪ್ರಶ್ನೆ ಹೇಗೇ ಇರಲಿ, ‘ನೋ, ಐ ಡೋಂಟ್’.

ವಾಕ್ಯದ ಬಾಲಕ್ಕೆ ‘ಅಲ್ವಾ?’ ಸೇರಿಸುವುದು ನಮಗೆ ಸುಲಭ, ಎಲ್ಲಕ್ಕೂ ಒಂದೇ ‘ಅಲ್ವಾ’. ಅದನ್ನೇ ‘ಈಸಂಟ್ ಇಟ್?’ ಎಂದು ಅನುವಾದಿಸಿಕೊಂಡು ‘ಯೂ ವರ್ಕ್ ಇನ್ ಹುಬ್ಬಳ್ಳಿ, ಈಸಂಟ್ ಇಟ್?’ ಎನ್ನುತ್ತೇವೆ. ಹೊರಗಿನ ಇಂಗ್ಲಿಷಿನಲ್ಲಿ ಬಾಲ ವಾಕ್ಯಕ್ಕೆ ತಕ್ಕಂತೆ ತಿರುಗಬೇಕು: ‘ವರ್ಕ್’ ಇದ್ದುದರಿಂದ ‘ಡೋಂಟ್ ಯೂ?’. ನಮ್ಮದು ಅರ್ಥವಾಗದ ಮಾತೇನಲ್ಲ, ಭಾರತದ ಉದ್ದಗಲಕ್ಕೂ ನಡೆಯುವ ನಾಣ್ಯ. ಆದರೆ ಪರೀಕ್ಷೆಯಲ್ಲಿ, ಹೊರದೇಶದ ಸಂದರ್ಶನದಲ್ಲಿ ಚಲಾವಣೆ ಕಡಿಮೆ.

‘ಕಟ್ಟಿದ’ ಎಂದರೆ ‘ಕಟ್ಟಿಸಿದ’

ಅರ್ಥವಿದ್ದ ಪದ ಗೂಟವಾದದ್ದು ಹೇಗೆ? ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಗೂಟ ಇರಲಿಲ್ಲ. ಕ್ರಿಯಾಪದ ತಾನೇ ಮುಂದೆ ಬಂದು ಪ್ರಶ್ನೆಯಾಗುತ್ತಿತ್ತು, ‘ನೋ ಯೂ?’ ಅಂದರೆ ‘ನಿನಗೆ ಗೊತ್ತಾ?’ ಎಂಬ ಬಗೆಯಲ್ಲಿ. ನಿಷೇಧಕ್ಕೆ ಕ್ರಿಯಾಪದದ ಮುಂದೆ ‘ನೆ’ ಎಂಬ ಪುಟ್ಟ ಪದ ಇಡುತ್ತಿದ್ದರು: ‘ಇಚ್ ನೆ ಸೆಜ್ಜೆ’, ನಾನು ಹೇಳೆನು. ಆ ‘ನೆ’ ಉಸಿರಿನಲ್ಲಿ ಕರಗತೊಡಗಿದಾಗ ಅದಕ್ಕೆ ಬಲ ಕೊಡಲು ಹಿಂದೆ ‘ನಾಟ್’ ಸೇರಿತು. ಕೊನೆಗೆ ‘ನೆ’ ಪೂರ್ತಿ ಬಿದ್ದುಹೋಗಿ ‘ಐ ಸೇ ನಾಟ್’ ಉಳಿಯಿತು. ಅದಾದ ಮೇಲೆ ‘ಐ ಡೂ ನಾಟ್ ಸೇ’, ಆಮೇಲೆ ‘ಡೋಂಟ್’. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ 1917ರಲ್ಲಿ ಈ ಚಕ್ರವನ್ನು ಬಿಡಿಸಿ ತೋರಿಸಿದರು. ಸವೆಯುವುದು, ಊರುಗೋಲು ಕೊಡುವುದು, ಊರುಗೋಲೇ ಮುಖ್ಯವಾಗುವುದು.

‘ಡೂ’ ಇಲ್ಲಿಗೆ ಬಂದ ದಾರಿಯ ಬಗ್ಗೆ ಜಗಳ ಮುಗಿದಿಲ್ಲ. ಸ್ವೀಡನ್ನಿನ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ಹಳೆಯ ಪಠ್ಯಗಳ ಉದಾಹರಣೆಗಳನ್ನು ಎಣಿಸಿ ಮಂಡಿಸಿದ ವಾದ ಕನ್ನಡಿಗರಿಗೆ ಬೇಗ ಹಿಡಿಸುತ್ತದೆ. 13ನೇ ಶತಮಾನದ ಇಂಗ್ಲಿಷಿನಲ್ಲಿ ‘ಡೂ’ಗೆ ‘ಮಾಡಿಸು’ ಎಂಬ ಬಳಕೆ ಇತ್ತು. ‘ದೊರೆ ಡಿಡ್ ಬಿಲ್ಡ್ ಕೋಟೆ’ ಎಂದರೆ ದೊರೆ ಕೋಟೆ ಕಟ್ಟಿಸಿದ. ಕಲ್ಲು ಹೊತ್ತವರ ಹೆಸರು ವಾಕ್ಯದಲ್ಲಿಲ್ಲ. ಹಾಗಿರುವಾಗ ‘ಕಟ್ಟಿಸಿದ’ ಎಂದರೂ ‘ಕಟ್ಟಿದ’ ಎಂದರೂ ಕೇಳುವವನಿಗೆ ಒಂದೇ. ನಾವೂ ‘ಕೆಂಪೇಗೌಡರು ಬೆಂಗಳೂರು ಕಟ್ಟಿದರು’ ಎನ್ನುತ್ತೇವೆ, ಗಾರೆ ಮುಟ್ಟದವರೂ ‘ಹೋದ ವರ್ಷ ಮನೆ ಕಟ್ಟಿದೆ’ ಎನ್ನುತ್ತಾರೆ. ನಾವು ‘ಇಸು’ವನ್ನು ಬಿಟ್ಟು ಮಾತಾಡುತ್ತೇವೆ. ಇಂಗ್ಲಿಷರು ‘ಡಿಡ್’ ಇಟ್ಟುಕೊಂಡೇ ಅದರ ಅರ್ಥ ಬಿಟ್ಟರು. ಹೀಗೆ ಖಾಲಿಯಾದ ‘ಡಿಡ್’ ಮೊದಲು ಹೆಚ್ಚಾಗಿ ಕಾಣುವುದು ನೈಋತ್ಯ ಇಂಗ್ಲೆಂಡಿನ ಪದ್ಯಗಳಲ್ಲಿ. ಒಂದು ಮಾತ್ರೆ ಕಡಿಮೆ ಬಿದ್ದಾಗ, ಪ್ರಾಸಕ್ಕೆ ಕ್ರಿಯಾಪದ ಸಾಲಿನ ಕೊನೆಗೆ ಬೇಕಾದಾಗ ಬಲು ಉಪಯೋಗಿ. ನಮ್ಮ ಪದ್ಯಶಾಸ್ತ್ರದವರು ಪಾದಪೂರಣ ಎನ್ನುವುದು ಇದನ್ನೇ. ಇನ್ನೊಂದು ವಾದದ ಪ್ರಕಾರ ಇದು ಆ ದ್ವೀಪದ ಮೂಲನಿವಾಸಿಗಳ ಕೆಲ್ಟಿಕ್ ಭಾಷೆಗಳಿಂದ ಬಂದ ಅಭ್ಯಾಸ, ಏಕೆಂದರೆ ವೇಲ್ಸಿನ ಮತ್ತು ಕಾರ್ನ್‌ವಾಲಿನ ಭಾಷೆಗಳಲ್ಲೂ ‘ಮಾಡು’ ಸಹಾಯಕವಾಗಿ ಬರುತ್ತದೆ. ಎರಡೂ ಒಂದಕ್ಕೊಂದು ನೀರೆರೆದಿರಬಹುದು.

16ನೇ ಶತಮಾನದ ನಡುವಿನಲ್ಲಿ ‘ಡೂ’ ಎಲ್ಲ ಕಡೆ ನುಗ್ಗಿತು. ಪ್ರಶ್ನೆ, ನಿಷೇಧ ಅಷ್ಟೇ ಅಲ್ಲ, ಸಾದಾ ವಾಕ್ಯದಲ್ಲೂ ‘ಹಿ ಡಿಡ್ ಗೋ’ ಎನ್ನುವುದು ಸಾಮಾನ್ಯವಾಯಿತು, ಅದಕ್ಕೆ ಒತ್ತಿ ಹೇಳುವ ಅರ್ಥವೇನೂ ಇರಲಿಲ್ಲ. ಅದು ಹಾಗೇ ಮುಂದುವರಿದಿದ್ದರೆ ಇವತ್ತು ‘ವೆಂಟ್’, ‘ಕೇಮ್’, ‘ಬಾಟ್’ ಕಲಿಯುವ ಕಷ್ಟವೇ ಇರುತ್ತಿರಲಿಲ್ಲ. ಮಕ್ಕಳ ದುರದೃಷ್ಟಕ್ಕೆ ಸಾದಾ ವಾಕ್ಯದಲ್ಲಿ ಅದು ಬಂದಷ್ಟೇ ಬೇಗ ಇಳಿದುಹೋಯಿತು. 1711ರ ಹೊತ್ತಿಗೆ ಕವಿ ಅಲೆಕ್ಸಾಂಡರ್ ಪೋಪ್ ಇಂಥ ತುಂಬುಪದಗಳನ್ನು ಗೇಲಿ ಮಾಡುತ್ತ, ಗೇಲಿಯ ಸಾಲಿನಲ್ಲೇ ಒಂದು ಖಾಲಿ ‘ಡೂ’ ತುರುಕಿ ತೋರಿಸಿದ. ಪ್ರಶ್ನೆ ಮತ್ತು ನಿಷೇಧದಲ್ಲಿ ಮಾತ್ರ ಅದು ಬೇರುಬಿಟ್ಟಿತು, ಅಲ್ಲಿ ಅದಕ್ಕೊಂದು ಕೆಲಸವಿತ್ತು.

ನಿಷೇಧದಲ್ಲೂ ಕೆಲವು ಕ್ರಿಯಾಪದಗಳು ಹಟ ಹಿಡಿದವು. ತಿಳಿ, ಅನುಮಾನಿಸು, ಲೆಕ್ಕಿಸು ಎಂಬರ್ಥದ ನೋ, ಡೌಟ್, ಕೇರ್ 18ನೇ ಶತಮಾನದವರೆಗೂ ಹಳೆಯ ಜಾಡಿನಲ್ಲಿ ನಡೆದವು. 1611ರ ಇಂಗ್ಲಿಷ್ ಬೈಬಲಿನಲ್ಲಿ ಶಿಲುಬೆಯ ಮೇಲಿನ ಮಾತು ‘ದೇ ನೋ ನಾಟ್ ವಾಟ್ ದೇ ಡೂ’ ಎಂದಿದೆ: ತಾವೇನು ಮಾಡುತ್ತಿದ್ದೇವೆಂದು ಅವರು ಅರಿಯರು. ಇದ್ದ ಒಂದೇ ‘ಡೂ’ ನಿಜವಾದ ‘ಮಾಡು’, ನಿಷೇಧಕ್ಕೆ ಗೂಟವಿಲ್ಲ. ಕನ್ನಡದ ಕಥೆಯೂ ಹೀಗೇ ಇರುವುದು ಸೋಜಿಗ. ಹಳಗನ್ನಡದಲ್ಲಿ ಧಾತುವಿಗೆ ನೇರವಾಗಿ ಪ್ರತ್ಯಯ ಅಂಟಿಸಿದರೆ ನಿಷೇಧ: ನೋಡೆನು, ಬಾರನು, ಕೇಳರು. ‘ಇಲ್ಲ’ ಬಂದು ಅದನ್ನೆಲ್ಲ ಬದಿಗೆ ಸರಿಸಿತು. ಆದರೂ ಅರಿಯೆ, ಒಲ್ಲೆ, ಆಗದು, ಬಾರದು, ಕೂಡದು ಉಳಿದುಕೊಂಡವು. ವಚನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ‘ಅರಿಯೆ’ ಇಂದಿಗೂ ಅರ್ಥವಾಗುತ್ತದೆ. ಎರಡು ಭಾಷೆಗಳಲ್ಲೂ ‘ತಿಳಿ’ ಎಂಬರ್ಥದ ಪದವೇ ಹಳೆಯ ಅಂಗಿ ಬಿಡಲು ಒಲ್ಲೆನೆಂದಿತು. 1961ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ‘ಆಸ್ಕ್ ನಾಟ್’ ಎಂದು ಶುರುಮಾಡಿದ ಪ್ರಸಿದ್ಧ ಮಾತಿಗೆ ಗಾಂಭೀರ್ಯ ಬಂದದ್ದು ಇದೇ ಹಳೆಯ ಅಂಗಿಯಿಂದ. ‘ಡೋಂಟ್ ಆಸ್ಕ್’ ಎಂದಿದ್ದರೆ ಅದು ಮನೆಮಾತು. ‘ಕೇಳಬೇಡಿ’ ಮತ್ತು ‘ಕೇಳದಿರಿ’ಗೆ ಇರುವಷ್ಟೇ ಅಂತರ.

ವಿಧಾನಸೌಧದೊಳಗಿನ ‘ಡೂ’

ಇನ್ನೂ ಹಿಂದಕ್ಕೆ ಹೋದರೆ ಇದರ ಮೂಲಾರ್ಥ ‘ಮಾಡು’ವೂ ಅಲ್ಲ, ‘ಇಡು’. ಇಂಗ್ಲಿಷಿನೊಳಗೇ ಸಾಕ್ಷಿಯಿದೆ. ‘ಡಾನ್’ ಎಂದರೆ ಧರಿಸು, ಅದು ‘ಡೂ ಆನ್’ ಕೂಡಿಕೊಂಡದ್ದು, ಮೈಮೇಲೆ ಇಡು. ‘ಡಾಫ್’ ಎಂದರೆ ಟೋಪಿ ತೆಗೆ, ‘ಡೂ ಆಫ್’. ದೀಪ ಆರಿಸು ಎಂಬರ್ಥದ ‘ಡೌಟ್’ ಎಂಬ ಹಳ್ಳಿಮಾತು ‘ಡೂ ಔಟ್’. ಇದು ಅನುಮಾನದ ‘ಡೌಟ್’ ಅಲ್ಲ. ಇವೆಲ್ಲದರಲ್ಲೂ ‘ಡೂ’ ಬದಲು ‘ಪುಟ್’ ಹಾಕಿ ನೋಡಿ, ಸರಿಹೊಂದುತ್ತದೆ.

ಸಂಸ್ಕೃತದಲ್ಲಿ ಇದರ ದಾಯಾದಿ ‘ಧಾ’, ಇಡು ಎಂಬ ಧಾತು. ‘ದಾ’ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ದಾನದ ‘ದಾ’ಗೆ ನೆಂಟ ‘ಡೊನೇಟ್’, ಅದು ಲ್ಯಾಟಿನ್ ಕಡೆಯಿಂದ ಬಂದದ್ದು. ಇಂಗ್ಲಿಷಿನ ಸ್ವಂತ ಪದಗಳಲ್ಲಿ ಸಂಸ್ಕೃತದ ಅಲ್ಪಪ್ರಾಣ ‘ದ’ಕಾರಕ್ಕೆ ಎದುರಾಗಿ ‘ಟ’ ಸಿಗುತ್ತದೆ: ದಶ–ಟೆನ್, ದಂತ–ಟೂತ್, ದ್ವಿ–ಟೂ. ಮಹಾಪ್ರಾಣ ‘ಧ’ಕಾರಕ್ಕೆ ಎದುರಾಗಿ ‘ಡ’: ವಿಧವಾ–ವಿಡೋ, ರುಧಿರ–ರೆಡ್, ಧಾ–ಡೂ. ಕಿವಿಗೆ ಹತ್ತಿರ ಎನಿಸಿದ್ದನ್ನೆಲ್ಲ ನೆಂಟರೆಂದು ಸಾರುವ ವಾಟ್ಸಾಪ್ ಪಂಡಿತರಿಗೂ ಭಾಷಾಶಾಸ್ತ್ರಕ್ಕೂ ಇರುವ ಗಡಿ ಇದು. ಹೋಲಿಕೆ ಒಂದೆರಡು ಪದಕ್ಕಲ್ಲ, ಸಾಲುಸಾಲಾಗಿ ಒಂದೇ ನಿಯಮಕ್ಕೆ ಬಗ್ಗಬೇಕು.

‘ಧಾ’ದಿಂದ ಬಂದು ಕನ್ನಡದಲ್ಲಿ ದಿನಬಳಕೆಯಾದವು ಎಷ್ಟೋ. ನಿಧಿ ಎಂದರೆ ಕೆಳಗೆ ಇಟ್ಟದ್ದು. ಸಂಧಿ, ಕೂಡಿಸಿ ಇಟ್ಟದ್ದು. ಪುರೋಹಿತ, ಮುಂದೆ ಇಟ್ಟವನು, ಅಲ್ಲಿಯ ‘ಹಿತ’ ಅದೇ ಧಾತುವಿನ ರೂಪ. ವಿಧಿ, ವಿಧಾನ, ಸಮಾಧಿ, ಸಂಹಿತೆ ಎಲ್ಲ ಒಂದೇ ಮನೆ. ವಿಧಾನಸೌಧದ ಹೆಸರಿನ ಮೊದಲರ್ಧ ‘ಡೂ’ವಿನ ರಕ್ತಸಂಬಂಧಿ. ಶ್ರದ್ಧೆಯನ್ನು ‘ಹೃದಯ ಇಡುವುದು’ ಎಂದು ಬಿಡಿಸುತ್ತಾರೆ, ಅದೇ ಜೋಡಣೆ ಲ್ಯಾಟಿನ್ ದಾರಿಯಲ್ಲಿ ‘ಕ್ರೆಡಿಟ್’ ಆಗಿ ಬ್ಯಾಂಕಿನ ಕೌಂಟರಿಗೆ ಬಂದು ಕೂತಿದೆ. ಇನ್ನೊಂದು ತಮಾಷೆ: ಕ್ರಿಯಾಪದದ ಮೂಲರೂಪಕ್ಕೆ ನಾವು ಹೇಳುವ ‘ಧಾತು’ ಎಂಬ ಪದವೂ ‘ಧಾ’ದಿಂದಲೇ ಬಂದದ್ದು.

ಇಂಗ್ಲಿಷಿನಲ್ಲಿ ಹತ್ತಿರದ ಸಂಬಂಧಿಗಳು ಡೀಡ್ ಮತ್ತು ಡೂಮ್. ‘ಡೂಮ್’ ಎಂದರೆ ಮೊದಲು ಇಟ್ಟ ಕಟ್ಟಳೆ, ತೀರ್ಪು. ಸರ್ವನಾಶದ ಅರ್ಥ ಆಮೇಲಿನದು. 1086ರ ಇಂಗ್ಲೆಂಡಿನ ಭೂದಾಖಲೆಗೆ ‘ಡೂಮ್ಸ್‌ಡೇ’ ಪುಸ್ತಕ ಎಂದು ಹೆಸರು ಬಿದ್ದದ್ದು ಅದರ ಮಾತಿಗೆ ಮೇಲ್ಮನವಿ ಇಲ್ಲವೆಂಬ ಕಾರಣಕ್ಕೆ. ಲ್ಯಾಟಿನ್ನಿನಲ್ಲಿ ಈ ಧಾತುವಿನ ಮೊದಲ ಧ್ವನಿ ‘ಫ’ ಆಯಿತು, ಹಾಗಾಗಿ ಫ್ಯಾಕ್ಟ್, ಫ್ಯಾಕ್ಟರಿ, ಫ್ಯಾಷನ್, ಅಫೇರ್ ಕೂಡ ಇದೇ ಬಳ್ಳಿಯವು. ಗ್ರೀಕಿನಿಂದ ಥೀಮ್ ಮತ್ತು ಥೀಸಿಸ್. ಭೂತಕಾಲಕ್ಕೆ ಅಂಟಿಸುವ ‘ಎಡ್’ ಕೂಡ (ವಾಕ್ಡ್, ಪ್ಲೇಡ್) ಮೂಲದಲ್ಲಿ ‘ಡಿಡ್’ನ ತುಂಡು ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಅದು ನಿಜವಾದರೆ ‘ಡಿಡ್ ಯೂ ವಾಕ್ಡ್’ ಎಂದು ಬರೆದ ಹುಡುಗ ಒಂದೇ ವಾಕ್ಯದಲ್ಲಿ ‘ಡಿಡ್’ ಅನ್ನು ಎರಡು ಸಲ ಹೇಳಿದ್ದಾನೆ.

ಡೂ, ಮೇಕ್ ಮತ್ತು ಒಬ್ಬನೇ ‘ಮಾಡು’

ಈಗ ಅರ್ಥವಿರುವ ‘ಡೂ’. ಇಲ್ಲಿ ತೊಂದರೆ ಕನ್ನಡದ ಔದಾರ್ಯದಿಂದ ಬರುತ್ತದೆ. ಅಡುಗೆ, ಊಟ, ಸ್ನಾನ, ನಿದ್ದೆ, ತಪ್ಪು, ಸದ್ದು, ಮದುವೆ, ಸಾಲ ಎಲ್ಲವನ್ನೂ ನಾವು ಮಾಡುತ್ತೇವೆ. ಇಂಗ್ಲಿಷ್ ಇದನ್ನು ಹಂಚಿಕೊಡುತ್ತದೆ. ಕೆಲಸದ ಮೇಲೆ ಕಣ್ಣಿದ್ದರೆ ‘ಡೂ’: ಹೋಮ್‌ವರ್ಕ್, ಪಾತ್ರೆ ತೊಳೆಯುವುದು, ವ್ಯಾಪಾರ, ಉಪಕಾರ, ಹಾನಿ. ಕೆಲಸ ಮುಗಿದ ಮೇಲೆ ಮೊದಲು ಇರದಿದ್ದ ಒಂದು ಹುಟ್ಟಿದ್ದರೆ ‘ಮೇಕ್’: ಚಪಾತಿ, ಪಟ್ಟಿ, ಸದ್ದು, ಮಾತುಕೊಡುವುದು, ತೀರ್ಮಾನ, ತಪ್ಪು. ತಪ್ಪು ಹೇಗೆ ‘ಹುಟ್ಟಿದ್ದು’ ಎಂದು ಕೇಳಬಹುದು. ಹಾಳೆಯ ಮೇಲೆ ಉಳಿದಿರುತ್ತದಲ್ಲ! ‘ಡಿಡ್ ಎ ಮಿಸ್ಟೇಕ್’ ನಮ್ಮವರ ಬಾಯಲ್ಲಿ ಅತಿ ಹೆಚ್ಚು ಕೇಳುವ ತಪ್ಪು, ‘ಮೇಡ್’ ಆಗಬೇಕು. ಈ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ಹಾಸಿಗೆ ಸರಿಪಡಿಸುವುದು ‘ಮೇಕ್ ದ ಬೆಡ್’, ಅಲ್ಲಿ ಹೊಸ ಮಂಚವೇನೂ ಹುಟ್ಟುವುದಿಲ್ಲ. ಫೋನ್ ಮಾಡುವುದೂ ‘ಮೇಕ್ ಎ ಕಾಲ್’. ಇವನ್ನು ಜೋಡಿಯಾಗಿಯೇ ಕಂಠಪಾಠ ಮಾಡಬೇಕು, ಬೇರೆ ದಾರಿಯಿಲ್ಲ. ಸ್ನಾನ ಮತ್ತು ಊಟ ಎರಡಕ್ಕೂ ಸೇರುವುದಿಲ್ಲ, ಅವಕ್ಕೆ ‘ಹ್ಯಾವ್’ ಅಥವಾ ‘ಟೇಕ್’.

‘ಡೂ’ಗೆ ‘ಸಾಕು, ಆಗುತ್ತೆ’ ಎಂಬ ಅರ್ಥವೂ ಇದೆ. ‘ದಟ್ ವಿಲ್ ಡೂ’ ಎಂದರೆ ಅಷ್ಟಾದರೆ ನಡೆಯುತ್ತೆ. ‘ಹೌ ಡೂ ಯೂ ಡೂ?’ ಎಂಬಲ್ಲಿನ ಎರಡನೇ ‘ಡೂ’ ಬಾಳು ಸಾಗಿಸುವುದರ ಸೂಚನೆ. ಆದರೆ ಅದು ನಿಜವಾದ ಪ್ರಶ್ನೆಯಲ್ಲ, ಅದಕ್ಕೆ ಉತ್ತರ ‘ಹೌ ಡೂ ಯೂ ಡೂ’ ಎಂದೇ. ನಮ್ಮ ‘ಊಟ ಆಯ್ತಾ?’ಗೆ ಊಟದ ವಿವರ ಯಾರೂ ಕೊಡುವುದಿಲ್ಲವಲ್ಲ, ಹಾಗೆ.

ಒತ್ತು ಕೊಡುವ ‘ಡೂ’ ಮಾತ್ರ ಜೋಪಾನದಿಂದ ಬಳಸಬೇಕಾದದ್ದು. ‘ಹಿ ಡಿಡ್ ಕಮ್’ ಎಂದರೆ ಬರೀ ‘ಬಂದ’ ಅಲ್ಲ. ಯಾರೋ ಬರಲಿಲ್ಲ ಎಂದಿದ್ದಾರೆ, ಅದಕ್ಕೆದುರಾಗಿ ‘ಬಂದಿದ್ದ ಮಾರಾಯ’. ಅಥವಾ ಮುಂದೊಂದು ‘ಆದರೆ’ ಕಾದಿದೆ: ‘ಬರೋದೇನೋ ಬಂದ, ಆದರೆ ಬಾಯಿ ಬಿಡಲಿಲ್ಲ’. ಎದುರುಮಾತಿಲ್ಲದ ಕಡೆ ‘ಐ ಡೂ ವರ್ಕ್ ಇನ್ ಮೈಸೂರ್’ ಎಂದರೆ, ಯಾರು ಅನುಮಾನಪಟ್ಟರು ಎಂದು ಕೇಳುವವರು ಸುತ್ತ ನೋಡುತ್ತಾರೆ. ‘ಡೂ ಕಮ್’ ಎಂಬುದು ಬೇರೆ, ಅದು ಉಪಚಾರ, ‘ಖಂಡಿತ ಬನ್ನಿ’.

ಸರ್ಕಾರಿ ಪತ್ರಗಳ ‘ಡೂ ದ ನೀಡ್‌ಫುಲ್’ ಅನ್ನು ನಗುವವರು ಹೆಚ್ಚು. ಅದು ನಮ್ಮ ಗುಮಾಸ್ತರ ಸೃಷ್ಟಿಯಲ್ಲ, ಒಂದು ಕಾಲದಲ್ಲಿ ಬ್ರಿಟನ್ನಿನ ಕಚೇರಿಗಳಲ್ಲೇ ಶುದ್ಧವಾಗಿ ನಡೆಯುತ್ತಿದ್ದ ಮಾತು. ಅಲ್ಲಿ ಸತ್ತಿತು, ಇಲ್ಲಿ ಬದುಕಿತು. ‘ಡೂ ಒನ್ ಥಿಂಗ್’ ಮಾತ್ರ ಅಪ್ಪಟ ನಮ್ಮದು, ‘ಒಂದ್ ಕೆಲ್ಸ ಮಾಡಿ’ ಎಂಬುದರ ಪಡಿಯಚ್ಚು. ಹೊರಗಿನವರು ಅದನ್ನು ಕೇಳಿ ಆ ಒಂದು ಯಾವುದು, ಎರಡನೆಯದು ಯಾವಾಗ ಎಂದು ಕಾಯುತ್ತಾರೆ. ಕನ್ನಡದಲ್ಲಿ ಅದು ಬರೀ ‘ಹೀಗೆ ಮಾಡಿ ನೋಡಿ’ ಎಂಬ ಪೀಠಿಕೆ.

ಕೊನೆಗೆ ಒಂದು ಕಡೆ ‘ಡೂ’ ಮತ್ತು ‘ಮಾಡು’ ನಿಜಕ್ಕೂ ಒಂದೇ ಆಗುತ್ತಿವೆ, ಅದೂ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಸಂಸ್ಕೃತದ ಪದ ಬಂದಾಗ ನಾವು ‘ಇಸು’ ಹಚ್ಚಿ ಒಳಗೆ ಕರೆದುಕೊಂಡೆವು: ಭಾವಿಸು, ಪ್ರಯತ್ನಿಸು. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಮರ್ಯಾದೆ ಸಿಕ್ಕಿಲ್ಲ. ‘ಟ್ರೈಯಿಸು’, ‘ಡೌನ್‌ಲೋಡಿಸು’ ಎಂದರೆ ಯಾರಾದರೂ ತಮಾಷೆಗೆ ಹೇಳಿರಬೇಕು. ಟ್ರೈ ಮಾಡು, ಕಾಲ್ ಮಾಡು, ಡೌನ್‌ಲೋಡ್ ಮಾಡು. ತುಂಬಿದ ಬಸ್ಸಿನಲ್ಲಿ ಸೀಟಿನ ತುದಿ ತೋರಿಸಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವಾಗ ಕೋರಿಕೆ, ಬಹುವಚನದ ಗೌರವ, ‘ಕೊಳ್ಳು’ ಎಲ್ಲವನ್ನೂ ಹೊತ್ತಿರುವುದು ‘ಮಾಡು’, ಅರ್ಥ ಇರುವುದು ‘ಅಡ್ಜಸ್ಟ್’ನಲ್ಲಿ. ಆ ‘ಅಡ್ಜಸ್ಟ್’ಗೆ ಒಂದು ಪ್ರತ್ಯಯವೂ ಇಲ್ಲ, ‘ಡಿಡ್ ನಾಟ್’ನ ಪಕ್ಕ ನಿಂತ ‘ಕಮ್’ನಷ್ಟೇ ಬೋಳಾಗಿದೆ.